ನೋಟವೂ ಅಂತರಾಯವಾದೀತೇ?

ಬಂದೂಕು ಹಿಡಿದು ಹಕ್ಕಿಯನ್ನು ಕೊಲ್ಲುವುದು ಹಿಂಸೆಯೆಂಬುದರಲ್ಲಿ ಶ್ರಾವಕರಾದ ನಮ್ಮಲ್ಲಿ ಎರಡು ಮಾತಿಲ್ಲ. ಬಲೆಯೊಡ್ಡಿ ಹಿಡಿದು ಪಂಜರದಲ್ಲಿಡುವುದು ಅಹಿಂಸಾಣುವ್ರತಕ್ಕೆ ಬಂಧವೆಂಬ ಅತಿಚಾರವೆಂದು ಪಾಠಶಾಲೆಯ ಮಕ್ಕಳೂ ಬಲ್ಲರು. ಆದರೆ ದೂರದಲ್ಲಿ ನಿಂತು, ಕೈ ಸೋಂಕಿಸದೆ, ಒಂದು ಗರಿಯನ್ನೂ ಅಲುಗಿಸದೆ ಕೇವಲ ಚಿತ್ರ ತೆಗೆದುಕೊಳ್ಳುವವನಿಗೆ ದೋಷವುಂಟೇ? ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಲಿಲ್ಲ. ನಾನೇ ನನ್ನನ್ನು ಕೇಳಿಕೊಳ್ಳಬೇಕಾಗಿ ಬಂದಿತು.

ಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ಮಗನು ಒಂದು ಕ್ಯಾಮೆರಾವನ್ನೂ ಉದ್ದನೆಯ ಲೆನ್ಸನ್ನೂ ತಂದುಕೊಟ್ಟನು. ಅಂದಿನಿಂದ ಚಳಿಗಾಲದಲ್ಲಿ ಉಣಕಲ್ಲ ಕೆರೆಯ ದಂಡೆ, ಮಳೆಗಾಲದಲ್ಲಿ ಗೀಜಗಗಳು ಗೂಡು ಹೆಣೆಯುವ ನವಲೂರಿನ ಕಡೆಯ ಜಾಲಿಮರಗಳು, ಬೇಸಗೆಯಲ್ಲಿ ಕೆಲಗೇರಿಯ ಆಚೆಯ ಹೊಲಗಳು, ಹೀಗೆ ನನ್ನ ವರ್ಷವು ಉರುಳುತ್ತ ಬಂದಿದೆ. ಒಂದೆರಡು ಸಲ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಹೋಗಿಬಂದೆನು. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲವನ್ನು ಕಳೆಯುವ ಆ ಕೆರೆಯು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಇದು ನಿರ್ದೋಷವಾದ ವಿನೋದವೆಂದು ನಂಬಿದ್ದೆನು. ನಾಲ್ಕು ಜನರ ಮುಂದೆ ಹೇಳಿಕೊಂಡೂ ಇದ್ದೆನು.

ಕೆಲವು ವರ್ಷಗಳ ಹಿಂದೆ ಮಹಾವೀರ ಜಯಂತಿಯ ಮರುದಿನ, ಚೈತ್ರ ಶುದ್ಧ ಚತುರ್ದಶಿ. ನನಗೆ ಅಂದು ಉಪವಾಸ. ಪರ್ವದಿನವನ್ನು ಬಸದಿಯಲ್ಲಿಯೋ ಸ್ವಾಧ್ಯಾಯದಲ್ಲಿಯೋ ಕಳೆಯಬೇಕಾದವನು ಮೊಮ್ಮಗನನ್ನು ಕರೆದುಕೊಂಡು ಹೊಲಕ್ಕೆ ಹೋದದ್ದೇ ಮೊದಲನೆಯ ತಪ್ಪು. ವ್ರತದಲ್ಲಿ ಅನಾದರವೆಂದು ಶಾಸ್ತ್ರವು ಕರೆಯುವುದು ಇದನ್ನೇ. ಅಲ್ಲಿ ಹಳ್ಳದ ಮಣ್ಣುದಂಡೆಯಲ್ಲಿ ಕಳ್ಳಿಪೀರಗಳು ಬಿಲ ಕೊರೆದು ಮರಿ ಮಾಡಿದ್ದವು. ಗುಬ್ಬಚ್ಚಿಯಷ್ಟು ದೊಡ್ಡದಾದ, ಬಾಲದ ನಡುವೆ ಸೂಜಿಯಂತಹ ಗರಿಯುಳ್ಳ ಈ ಹಸುರು ಹಕ್ಕಿಯನ್ನು ನಮ್ಮಲ್ಲಿ ತಂತಿಯ ಮೇಲೆ ಕಾಣದವರಿಲ್ಲ. ಬಿಲದ ಎದುರಿಗೆ ಹತ್ತು ಹೆಜ್ಜೆಯ ದೂರದಲ್ಲಿ ಕುಳಿತೆವು. ಹಕ್ಕಿಯು ಕೊಕ್ಕಿನಲ್ಲಿ ಒಂದು ಏರೋಪ್ಲೇನ್ ಚಿಟ್ಟೆಯನ್ನು ಹಿಡಿದು ಬಂದು ಒಣಗಿದ ಟೊಂಗೆಯ ಮೇಲೆ ಕುಳಿತಿತು. ಎಳೆಬಿಸಿಲು, ಹಸುರು ಮೈ, ಪಾರದರ್ಶಕವಾದ ಚಿಟ್ಟೆಯ ರೆಕ್ಕೆ. ನಾನು ಒಂದರ ಮೇಲೊಂದು ಚಿತ್ರ ತೆಗೆಯುತ್ತ ಹೋದೆನು. ಹಕ್ಕಿಯು ಹಾರಿತು, ಸುತ್ತಿತು, ಮರಳಿ ಅದೇ ಟೊಂಗೆಗೆ ಬಂದಿತು. ಮುಕ್ಕಾಲು ತಾಸು ಕಳೆಯಿತು.

"ಅಜ್ಜಾ, ಅದು ನಮ್ಮನ್ನ ನೋಡಕೋತ ಕುಂತೈತಿ. ನಾವು ಎದ್ದು ಹೋಗೂತನಕಾ ಅದು ಒಳಗ ಹೋಗಂಗಿಲ್ಲ" ಎಂದನು ಮೊಮ್ಮಗ.

ನಾನು ಏಳಲಿಲ್ಲ. ಇನ್ನು ನಾಲ್ಕು ಚಿತ್ರವೆಂದೆನು.

ಮನೆಗೆ ಬರುವ ದಾರಿಯಲ್ಲಿ ನನ್ನ ಬಾಲ್ಯದ ಒಂದು ದಿನವು ನೆನಪಿಗೆ ಬಂದಿತು. ಅಂದು ನಮ್ಮ ಮನೆಯಲ್ಲಿ ಮುನಿಮಹಾರಾಜರಿಗೆ ಆಹಾರವಾಗುತ್ತಿತ್ತು. ಮೂರು ತುತ್ತು ಆಗಿರಬಹುದು, ಅಂಜಲಿಯಲ್ಲಿ ಒಂದು ಕೂದಲು ಕಂಡಿತು. ಅಂತರಾಯವಾಯಿತು. ಮಹಾರಾಜರು ಪ್ರಸನ್ನಮುಖದಿಂದಲೇ ಕುಳಿತುಬಿಟ್ಟರು. ಮರುದಿನದವರೆಗೆ ನೀರೂ ಇಲ್ಲ. ನನ್ನ ತಾಯಿ ಅಂದು ಊಟ ಮಾಡಲಿಲ್ಲ, ಯಾರೊಡನೆಯೂ ಮಾತಾಡಲಿಲ್ಲ. ಆಹಾರ ಕೊಟ್ಟು ಬಲ್ಲ ಯಾವ ಮನೆಗೂ ಈ ದುಃಖವನ್ನು ವಿವರಿಸಿ ಹೇಳಬೇಕಾಗಿಲ್ಲ. ಒಂದು ಕೂದಲಿಗಾಗಿ ಅಷ್ಟು ಮರುಗಿದ ತಾಯಿಯ ಮಗನು ನಾನು. ಬಿಲದೊಳಗಿನ ಮರಿಗಳಿಗೂ ಅವುಗಳ ತುತ್ತಿಗೂ ನಡುವೆ ಮುಕ್ಕಾಲು ತಾಸು ಕುಳಿತಿದ್ದೆನು. ಮುನಿಗಳು ಅಂತರಾಯವನ್ನು ಸಮತೆಯಿಂದ ಸ್ವೀಕರಿಸುತ್ತಾರೆ, ಅವರು ತಿಳಿದು ಕೈಕೊಂಡ ಮಾರ್ಗವದು. ಮರಿಗಳು ಯಾವ ವ್ರತವನ್ನೂ ಕೈಕೊಂಡಿರಲಿಲ್ಲ. ಉಪವಾಸ ನನ್ನದಾಗಿತ್ತು, ಹಸಿವೆಯನ್ನು ಮಾತ್ರ ಅವುಗಳ ಮೇಲೆ ಹೊರಿಸಿದ್ದೆನು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದಾಗಿ ಅನ್ನಪಾನನಿರೋಧವನ್ನು ಹೇಳುತ್ತದೆ. ಎತ್ತಿಗೆ ಮೇವು ತಪ್ಪಿಸುವುದು, ಆಳಿಗೆ ಹೊತ್ತಿಗೆ ಸರಿಯಾಗಿ ಊಟ ಕೊಡದಿರುವುದು ಎಂದು ನಾನು ಮಕ್ಕಳಿಗೆ ಉದಾಹರಣೆ ಕೊಡುತ್ತಿದ್ದೆನು. ಆರನೆಯ ಅಧ್ಯಾಯದಲ್ಲಿಯೋ ಪರರಿಗೆ ವಿಘ್ನ ಮಾಡುವುದೇ ಅಂತರಾಯ ಕರ್ಮದ ಆಸ್ರವಕ್ಕೆ ಕಾರಣವೆಂದಿದೆ. ಕ್ಯಾಮೆರಾ ಹಿಡಿದ ಮಾಸ್ತರನಿಗೂ ಇದು ಅನ್ವಯಿಸುವುದೆಂದು ಮಾತ್ರ ಹೊಳೆದಿರಲಿಲ್ಲ.

ನಾನು ಹಕ್ಕಿಗೆ ಏನನ್ನೂ ಮಾಡಲಿಲ್ಲ, ಬರಿದೆ ನೋಡಿದೆನು, ಎಂಬ ಸಮಾಧಾನವೂ ನಿಲ್ಲುವಂತಿಲ್ಲ. ಪುಣೆಯ ಮಿಲಿಂದ ವಾಟ್ವೆಯವರೂ ಸಂಗಡಿಗರೂ ಇದೇ ಕಳ್ಳಿಪೀರವನ್ನು ಪರೀಕ್ಷಿಸಿ 2002ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಬಿಲವು ಕಣ್ಣಿಗೆ ಬೀಳುವ ಜಾಗದಲ್ಲಿ ಮನುಷ್ಯನು ನಿಂತರೆ ಹಕ್ಕಿಯು ಒಳಹೋಗಲು ಹಿಂಜರಿಯುತ್ತದೆ. ಅಷ್ಟೇ ಸಮೀಪದಲ್ಲಿ, ಆದರೆ ಬಿಲವು ಮರೆಯಾಗಿರುವ ಕಡೆ ನಿಂತರೆ ಅಷ್ಟಾಗಿ ಅಂಜುವುದಿಲ್ಲ. ಎಂದರೆ ಹಕ್ಕಿಯು ನಮ್ಮ ಇರವನ್ನು ಮಾತ್ರವಲ್ಲ, ನಮಗೆ ಏನು ಕಾಣುತ್ತಿದೆಯೆಂಬುದನ್ನೂ ಗಣಿಸುತ್ತದೆ. ಅದಕ್ಕೆ ನನ್ನ ನೋಟವೇ ವಿಘ್ನವಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಕಾಡುಹಕ್ಕಿಯ ಗೂಡಿಗೆ, ತತ್ತಿಗಳಿಗೆ ಭಂಗ ತರುವುದನ್ನು ಬೇಟೆಯೆಂಬ ಶಬ್ದದ ಅರ್ಥದೊಳಗೇ ಸೇರಿಸಿದೆ.

ಮರಿಗಳು ಸಾಯಲಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಆದರೆ ನಮ್ಮ ಆಚಾರ್ಯರು ಹಿಂಸೆಯನ್ನು ಸಾವಿನಿಂದ ಮಾತ್ರ ಅಳೆಯಲಿಲ್ಲ. ನೆಲ ನೋಡಿ ನಡೆಯುವ ಮುನಿಯ ಕಾಲಡಿಗೆ ತಟ್ಟನೆ ಬಂದು ಸತ್ತ ಹುಳುವಿನ ಪಾಪವು ಅವರಿಗಿಲ್ಲ; ಎಚ್ಚರವಿಲ್ಲದೆ ನಡೆದವನಿಗೆ ಹುಳು ಸಾಯದಿದ್ದರೂ ಉಂಟು. ಮೊಮ್ಮಗನ ಮಾತಿಗೆ ಮುಂಚೆ ನನ್ನದು ಅಜ್ಞಾನವೆನ್ನೋಣ. ಆ ಕೊನೆಯ ನಾಲ್ಕು ಚಿತ್ರಗಳಿಗೆ ಆ ಹೆಸರು ಸಲ್ಲದು.

ಹಾಗಾದರೆ ಕ್ಯಾಮೆರಾವನ್ನೇ ತ್ಯಜಿಸಬೇಕೇ? ಸಂಡೂರಿನ ಎಂ. ವೈ. ಘೋರ್ಪಡೆ, ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಮೊದಲಾದವರ ಚಿತ್ರಗಳಿಂದ ನಾಡಿನ ಎಷ್ಟೋ ಜನರಿಗೆ ಹಕ್ಕಿಗಳಲ್ಲಿ ಪ್ರೀತಿ ಹುಟ್ಟಿತು. ಪ್ರೀತಿಯಿಂದ ದಯೆಯೂ ಹುಟ್ಟೀತು. ಹಿಂದೆ ಗೂಡಿನ ಬಳಿಯೇ ಚಿತ್ರ ತೆಗೆಯುವುದು ರೂಢಿಯಾಗಿತ್ತು, ಏಕೆಂದರೆ ಹಕ್ಕಿಯು ತಪ್ಪದೆ ಮರಳುವ ಸ್ಥಳ ಅದೊಂದೇ. ಈಗ ಅನೇಕ ಸ್ಪರ್ಧೆಗಳಲ್ಲಿ ಗೂಡಿನ ಚಿತ್ರಗಳನ್ನು ಸ್ವೀಕರಿಸುವುದಿಲ್ಲ. ನಾನು ಕ್ಯಾಮೆರಾವನ್ನು ಬಿಟ್ಟಿಲ್ಲ. ಬಿಡದಿರುವುದಕ್ಕೆ ಮೇಲಿನ ಕಾರಣವಷ್ಟೇ ಸಾಕೆಂದು ಹೇಳಿದರೆ ಅದು ಸತ್ಯಾಣುವ್ರತಕ್ಕೆ ಊನ, ಮೂರ್ಛೆಯೂ ಇದೆ. ಕಂಪ್ಯೂಟರಿನಲ್ಲಿ ತುಂಬಿದ ಸಾವಿರಾರು ಚಿತ್ರಗಳು ಪರಿಗ್ರಹವಲ್ಲದೆ ಮತ್ತೇನು? ಆದರೆ ವರ್ಷಾಯೋಗದಲ್ಲಿ ಮುನಿಗಳು ಜೀವದಯೆಗಾಗಿ ಒಂದೆಡೆ ನಿಲ್ಲುವಂತೆ, ಗೂಡು ಕಟ್ಟುವ ಕಾಲದಲ್ಲಿ ಇಂತಿಷ್ಟು ದೂರಕ್ಕಿಂತ ಮುಂದೆ ಹೆಜ್ಜೆಯಿಡೆನೆಂದು ದೇಶವ್ರತದ ರೀತಿಯ ನಿಯಮ ಮಾಡಿಕೊಂಡಿದ್ದೇನೆ. ಗೂಡು ಕಂಡರೆ ಹಿಂದಿರುಗುವೆನು. ಅಷ್ಟಮಿ ಚತುರ್ದಶಿಗಳಂದು ಕ್ಯಾಮೆರಾ ಪೆಟ್ಟಿಗೆಯಲ್ಲಿಯೇ ಇರುತ್ತದೆ.

ಅಂದಿನ ಆ ಚಿತ್ರವನ್ನು ಕಂಡವರೆಲ್ಲ ಹೊಗಳಿದರು. ಹಕ್ಕಿಯು ಅಷ್ಟು ಹೊತ್ತು, ಅಷ್ಟು ಚಂದವಾಗಿ, ತುತ್ತು ಹಿಡಿದು ಹೇಗೆ ಕುಳಿತಿತೆಂದು ಕೇಳಿದವರೂ ಉಂಟು. ಕಾರಣವನ್ನು ಹೇಳಲಾರದೆ ಅದನ್ನು ತೋರಿಸುವುದನ್ನೇ ನಿಲ್ಲಿಸಿದೆನು.

ಆ ಹುಣ್ಣಿಮೆಯ ದಿನ ಪಾರಣೆಗೆ ಮೊದಲು ಒಬ್ಬನೇ ಬರಿಗೈಯಲ್ಲಿ ಹಳ್ಳಕ್ಕೆ ಹೋದೆನು. ಬಿಲವು ಕಾಣದಂತೆ ದಂಡೆಯ ಈಚೆಯ ಬೇವಿನ ಮರೆಯಲ್ಲಿ ದೂರ ನಿಂತೆನು. ಕೊಕ್ಕು ತುಂಬಿಕೊಂಡು ಬಂದ ಹಕ್ಕಿಯು ದಂಡೆಯಾಚೆಗೆ ಇಳಿಯಿತು, ಸ್ವಲ್ಪ ಹೊತ್ತಿನಲ್ಲಿ ಬರಿಯ ಕೊಕ್ಕಿನಿಂದ ಮೇಲೆದ್ದಿತು. ಒಂದು ಜಪಮಾಲೆ ಮುಗಿಯುವವರೆಗೆ ಮತ್ತೆ ಮತ್ತೆ ಹಾಗೆಯೇ ಮಾಡಿತು. ಆಮೇಲೆ ಮನೆಗೆ ಬಂದು ಪಾರಣೆ ಮಾಡಿದೆನು.