ಸಹಿ ಅಪ್ಪನದು, ಆಯುಷ್ಯ ಮಗನದು

ಪುಣೆಯಲ್ಲಿರುವ ನಮಗೆ ಖಡಕವಾಸಲಾ ಅಂದರೆ ಭಾನುವಾರದ ತಿರುಗಾಟದ ಜಾಗ. ಸಿಂಹಗಡಕ್ಕೆ ಹೋಗುವಾಗಲೋ ಬರುವಾಗಲೋ ಕೆರೆಯ ದಂಡೆಯಲ್ಲಿ ಗಾಡಿ ನಿಲ್ಲಿಸಿ, ಸುಟ್ಟ ಗೋವಿನಜೋಳದ ತೆನೆಯನ್ನೋ ಕಾಂದಾ ಭಜಿಯನ್ನೋ ತಿನ್ನುತ್ತೇವೆ. ಅದೇ ನೀರಿನ ಇನ್ನೊಂದು ಬದಿಗೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಇದೆ. ಇಲ್ಲಿ ಎಲ್ಲರ ಬಾಯಲ್ಲೂ ಅದು ಎನ್‌ಡಿಎ. 1955ರ ಜನವರಿಯಲ್ಲಿ ಉದ್ಘಾಟನೆಯಾದ ಈ ಸಂಸ್ಥೆಗೆ ಹದಿನಾರೂವರೆಯಿಂದ ಹತ್ತೊಂಬತ್ತೂವರೆಯೊಳಗಿನ ಮಕ್ಕಳು ಸೇರುತ್ತಾರೆ, 2022ರಿಂದ ಹುಡುಗಿಯರೂ. ಮೂರು ವರ್ಷ ಇಲ್ಲಿ, ಆಮೇಲೆ ಭೂಸೇನೆಯವರಿಗೆ ಡೆಹ್ರಾಡೂನ್, ನೌಕಾಪಡೆಯವರಿಗೆ ಎಳಿಮಲ, ವಾಯುಪಡೆಯವರಿಗೆ ಹೈದರಾಬಾದ್ ಹತ್ತಿರದ ದುಂಡಿಗಲ್. ಲಿಖಿತ ಪರೀಕ್ಷೆ, ಐದು ದಿನದ ಎಸ್‌ಎಸ್‌ಬಿ, ವೈದ್ಯಕೀಯ ತಪಾಸಣೆ ಎಲ್ಲ ದಾಟಿ ಸೇರುವ ಪತ್ರ ಬಂದರೆ ಆ ಮನೆಯಲ್ಲಿ ಪೇಢೆ ಹಂಚುತ್ತಾರೆ. ಹೋಗಬೇಕೋ ಬೇಡವೋ ಅನ್ನುವ ಪ್ರಶ್ನೆ ಏಳುವುದು ಪೇಢೆ ಮುಗಿದ ಮೇಲೆ.

ಕೊಡಗಿನ ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆಗೆ ತಲೆಮಾರುಗಳಿಂದ ಉತ್ತರ ಸಿದ್ಧವಿದೆ. ಕಾರ್ಯಪ್ಪ, ತಿಮ್ಮಯ್ಯನವರ ನಾಡು ಅದು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮ್ಮಂಥವರ ಮನೆಯಲ್ಲಿ ಅದು ಹೊಸದಾಗಿಯೇ ಏಳುತ್ತದೆ. ಪರಿಚಯದ ಒಂದು ಮನೆಯ ಮಾತು ಹೇಳುತ್ತೇನೆ. ಅಪ್ಪ ಗದಗ ಕಡೆಯವರು, ಚಿಂಚವಡದ ಕಾರ್ಖಾನೆಯಲ್ಲಿ ಲೇಥ್ ಮುಂದೆ ನಿಂತು ಇಪ್ಪತ್ತು ವರ್ಷ ಕಳೆದವರು. ಮಗನಿಗೆ ಎನ್‌ಡಿಎ ಪತ್ರವೂ ಬಂತು, ಎಂಜಿನಿಯರಿಂಗ್ ಸೀಟೂ ಸಿಕ್ಕಿತು. ಬಂದವರೆಲ್ಲ "ದೇಶಸೇವೆ, ಇದರಾಗ ಯೋಚನಿ ಏನ್ ಮಾಡೋದು?" ಅಂದರು. ಹಾಗೆ ಅಂದವರ ಮಕ್ಕಳು ಹಿಂಜವಡಿಯ ಐಟಿ ಕಂಪನಿಗಳಲ್ಲಿದ್ದರು. ಮರಾಠಿಯಲ್ಲಿ ಒಂದು ಮಾತಿದೆ: ಶಿವಾಜಿ ಹುಟ್ಟಬೇಕು, ಆದರೆ ಪಕ್ಕದ ಮನೆಯಲ್ಲಿ.

ತಾಯಿಯ ಚಿಂತೆ ಬೇರೆ. "ಇವ ಒಂದ ಕಡೆ ನೆಲಿ ನಿಲ್ಲಲಿ ಅಂತ ನಾವು ಊರು ಬಿಟ್ಟು ಬಂದ್ವಿ. ಈಗ ಎರಡ್ಮೂರು ವರ್ಷಕ್ಕೊಂದು ಊರಂತ. ನಾಳೆ ಇವಂಗ ಊರು ಅಂದ್ರ ಯಾವುದ್ರಿ?" ಹುಡುಗ ಸುಮ್ಮನಿರಲಿಲ್ಲ: "ಅವ್ವಾ, ಗದಗ ಬಿಡೋಮುಂದ ನೀವು ಅಜ್ಜಿನ್ನ ಕೇಳಿದ್ರೇನು?"

ಮಾತು ಸರಿಯೇ ಅನ್ನಿಸುತ್ತದೆ. ಆದರೆ ಎರಡು ಹೋಗುವಿಕೆಗೂ ವ್ಯತ್ಯಾಸವಿದೆ. ಕೆಲಸ ಒಗ್ಗದಿದ್ದರೆ ಅಪ್ಪ ಮರುದಿನವೇ ಗಂಟುಮೂಟೆ ಕಟ್ಟಿ ಊರಿಗೆ ಹೋಗಬಹುದಿತ್ತು. ಮಗನಿಗೆ ಅಷ್ಟು ಸಲೀಸಿಲ್ಲ. ಹದಿನೆಂಟು ತುಂಬದವನು ನಮ್ಮ ಕಾನೂನಿನಲ್ಲಿ ಒಂದು ಅಂಗಡಿಯ ಬಾಡಿಗೆ ಕರಾರನ್ನೂ ಮಾಡಿಕೊಳ್ಳುವಂತಿಲ್ಲ. ಹಾಗಾಗಿ ಅಕಾಡೆಮಿಯ ಬಾಂಡಿಗೆ ತಂದೆ-ತಾಯಿ ಸಹಿ ಹಾಕುತ್ತಾರೆ. ಹುಡುಗ ತನ್ನ ಇಚ್ಛೆಯಿಂದ ನಡುವೆ ಬಿಟ್ಟುಬಂದರೆ ತರಬೇತಿಯ ಖರ್ಚು ತುಂಬಿಕೊಡಬೇಕು. ತರಬೇತಿಯಲ್ಲಿ ಪೆಟ್ಟಾದರೆ, ಪ್ರಾಣವೇ ಹೋದರೂ, ಪರಿಹಾರವನ್ನು ಹಕ್ಕಿನಿಂದ ಕೇಳುವಂತಿಲ್ಲ ಎಂದು ಒಪ್ಪಬೇಕು. ಯುಪಿಎಸ್‌ಸಿಯ ಅಧಿಸೂಚನೆ ವರ್ಷಗಳಿಂದ ಹೀಗೆ ಹೇಳುತ್ತ ಬಂದಿದೆ. ತರಬೇತಿಯಲ್ಲಿ ಅಂಗವಿಕಲರಾಗಿ ಹೊರಬಿದ್ದ ಕೆಡೆಟ್‌ಗಳ ಪಾಡನ್ನು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಾನಾಗಿ ಕೈಗೆತ್ತಿಕೊಂಡಿತು. ಕಮಿಷನ್ ಸಿಗುವ ಮೊದಲೇ ಹೊರಬಂದವರಾದ್ದರಿಂದ ಅವರಿಗೆ ಮಾಜಿ ಸೈನಿಕರ ಸ್ಥಾನವಿರಲಿಲ್ಲ. ಸಹಿ ಹಾಕುವ ಮೊದಲು ಅಪ್ಪ ಅಮ್ಮ ಇದನ್ನೆಲ್ಲ ಓದಬೇಕು, ಮಗನಿಗೂ ಓದಿ ಹೇಳಬೇಕು.

ಹಾಗಾದರೆ ಹುಡುಗ ಕೊಡುತ್ತಿರುವುದೇನು? ಎಲ್ಲರೂ ಸಾವಿನ ಮಾತಾಡುತ್ತಾರೆ. ಬಹುಪಾಲು ಅಧಿಕಾರಿಗಳು ನಿವೃತ್ತಿಯಾಗಿ, ಮೊಮ್ಮಕ್ಕಳನ್ನು ಆಡಿಸುತ್ತ ಬಾಳುತ್ತಾರೆ. ಅವರು ದಿನದಿನವೂ ಕೊಡುವುದು ಇನ್ನೊಂದನ್ನು, 'ಒಲ್ಲೆ' ಅನ್ನುವ ಹಕ್ಕನ್ನು. 1950ರ ಸೇನಾ ಕಾಯ್ದೆ ಶಿಕ್ಷೆ ಹೇಳುವುದು ಕಾನೂನುಬದ್ಧ ಆಜ್ಞೆ ಮೀರಿದವನಿಗೆ, ನಿಜ. ಆದರೆ ಯಾವುದು ಕಾನೂನುಬದ್ಧ ಎಂದು ಕ್ಷಣದಲ್ಲಿ ತೂಗುವ ಹೊರೆ ಅವನ ತಲೆಯ ಮೇಲೇ. ಅಷ್ಟೇ ಅಲ್ಲ, ಇಪ್ಪತ್ತೆರಡರ ಹೊತ್ತಿಗೆ ಅವನೇ ಮೂವತ್ತು ಜವಾನರಿಗೆ ನಡೆಯಿರಿ ಅನ್ನಬೇಕು. ಅವರೂ ಯಾರದೋ ಮನೆಯ ಮಕ್ಕಳು. ತಾನು ಸಾಯಲು ತಯಾರಿದ್ದೇನೆ ಅನ್ನುವ ಹದಿನೇಳರ ಹುಡುಗನನ್ನು ಇದನ್ನು ಕೇಳಿ ನೋಡಬೇಕು: ಇನ್ನೊಬ್ಬರ ಮಗನನ್ನು ಕಳಿಸಲು ತಯಾರಿದ್ದೀಯಾ?

ಇಷ್ಟು ದೊಡ್ಡ ಮಾತನ್ನು ಆ ವಯಸ್ಸಿನಲ್ಲಿ ಕೊಡಬಹುದೇ? ಕೊಡಲೇಬಾರದು ಎನ್ನಲಾರೆ. ಗಡಿ ಕಾಯುವುದು ಯಾರಾದರೂ ಮಾಡಲೇಬೇಕಾದ ಕೆಲಸ. ಎಲ್ಲರೂ ಪಕ್ಕದ ಮನೆ ತೋರಿಸಿದರೆ ಕಡೆಗೆ ಅದು ಬೀಳುವುದು ಬೇರೆ ದಾರಿಯೇ ಇಲ್ಲದವನ ಮೇಲೆ. ಮನಸ್ಸಿಟ್ಟು ಹೋಗುವವನು ಹೋಗಲಿ. ಆದರೆ ಅವನ 'ಹೂಂ' ಅವನದೇ ಆಗಬೇಕಾದರೆ 'ಊಹೂಂ' ಅನ್ನಲಿಕ್ಕೂ ಅವನಿಗೆ ಬರುವಂತಿರಬೇಕು. ಇವತ್ತು ಬೇಡ ಎಂದರೆ ಎಂದೆಂದಿಗೂ ಬೇಡ ಎಂದೇನೂ ಅಲ್ಲ. ಪದವಿ ಮುಗಿಸಿ ಸಿಡಿಎಸ್ ಪರೀಕ್ಷೆ ಬರೆದು ಡೆಹ್ರಾಡೂನಿಗೋ ಚೆನ್ನೈನ ಅಕಾಡೆಮಿಗೋ ಹೋಗುವ ದಾರಿ ಇದ್ದೇ ಇದೆ. ಇದನ್ನು ಹೇಳದೆ, ಸಿಕ್ಕ ಸೀಟು ಬಿಟ್ಟೀಯಾ ಎಂದು ಹುರಿದುಂಬಿಸುವುದು ತೂಕ ತಪ್ಪಿದ ತಕ್ಕಡಿ.

ಚಕ್ರವ್ಯೂಹದ ಕತೆ ನಮಗೆಲ್ಲ ಗೊತ್ತು. ಅಭಿಮನ್ಯುವಿಗೆ ಒಳಹೋಗಲು ಬರುತ್ತಿತ್ತು, ಹೊರಬರಲು ಬರುತ್ತಿರಲಿಲ್ಲ ಎಂದು ಮರುಗುತ್ತೇವೆ. ಅದನ್ನು ಅವನು ಮೊದಲೇ ಹೇಳಿದ್ದ. ನೀನು ಒಡೆ, ಹಿಂದೆಯೇ ನಾವು ಬರುತ್ತೇವೆ ಎಂದವರು ಹಿರಿಯರು. ಸೈಂಧವ ಅಡ್ಡಗಟ್ಟಿದ, ಅವರು ಹೊರಗೇ ಉಳಿದರು. ಆ ಕತೆಯಲ್ಲಿ ನನ್ನನ್ನು ಕಾಡುವುದು ಹುಡುಗನ ಶೌರ್ಯಕ್ಕಿಂತ ಹಿರಿಯರು ಕೊಟ್ಟ ಆ ಭರವಸೆ.

ಗದಗಿನ ಆ ಅಪ್ಪ ಮಗನಿಗೆ ಹೋಗು ಅನ್ನಲಿಲ್ಲ, ಬ್ಯಾಡ ಅನ್ನಲಿಲ್ಲ. "ಒಗ್ಗಲಿಲ್ಲಂದ್ರ ಫೋನ್ ಮಾಡು. ಬಾಂಡಿನ ರೊಕ್ಕ ನಾ ನೋಡ್ಕೋತೀನಿ. ಮಂದಿ ಏನಂತಾರ ಅನ್ನೋದೂ ನನ್ನ ಪಾಲಿಗೆ ಇರ್ಲಿ, ನಿನಗ ಬ್ಯಾಡ" ಅಂದರು. ಲೇಥ್ ನಡೆಸುವವನಿಗೆ ಆ ರೊಕ್ಕ ಸಣ್ಣದಲ್ಲ. ಹುಡುಗ ಎರಡು ದಿನ ಯಾರೊಂದಿಗೂ ಮಾತಾಡದೆ ಯೋಚಿಸಿ, ಹೋಗುತ್ತೇನೆ ಎಂದ.

ಅವನು ಎಂಜಿನಿಯರಿಂಗ್ ಆರಿಸಿಕೊಂಡಿದ್ದರೂ ನಾನು ಇದನ್ನೇ ಬರೆಯುತ್ತಿದ್ದೆ. ಮಕ್ಕಳನ್ನು ದೇಶಕ್ಕೆ ಕೊಟ್ಟೆವು ಎಂದು ಹೆತ್ತವರು ಹೇಳುವುದುಂಟು. ಮಕ್ಕಳು ಕೊಡುವ ವಸ್ತುವಲ್ಲ. ಕೊಡುವುದಾದರೆ ಅವರೇ ತಮ್ಮನ್ನು ಕೊಟ್ಟುಕೊಳ್ಳಬೇಕು. ಮನೆಯ ಬಾಗಿಲು ತೆರೆದಿದೆ, ತಿರುಗಿ ಬಂದರೆ ಅವಮಾನವಿಲ್ಲ ಎಂದು ಅವರಿಗೆ ಖಾತ್ರಿ ಮಾಡಿಕೊಡುವುದು ಹೆತ್ತವರ ಪಾಲಿನ ಕೆಲಸ. ಅದನ್ನು ಮಾಡಿ, ಆಮೇಲೆ ಸಹಿ ಹಾಕಬೇಕು.