ಕಂಬಳಿಯ ರೇಟು

ಹೊನ್ನಾಳಿ ಸಂತೆಯಲ್ಲಿ ಅಪ್ಪ 400 ರೂಪಾಯಿಗೆ ಪಾಣಿಪತ್ತಿನ ಮಿಲ್ ಕಂಬಳಿ ಕೊಂಡರು ಅಂತ ಗೊತ್ತಾದಾಗ ಬೆಂಗಳೂರಿಂದ ಫೋನಲ್ಲೇ ಭಾಷಣ ಬಿಗಿದೆ. “ನಮ್ಮ ಕುರುಬರು ನೇಯ್ದ ಕರಿಕಂಬಳಿ ಬಿಟ್ಟು ಇದ್ಯಾಕಪ್ಪ?”

“ನಿಂಗೆ ಪರಂಪರೆ ಚಿಂತೆ, ನಂಗೆ ಚಳಿ ಚಿಂತೆ ಕಣೋ” ಅಂದ್ರು.

ಮುಂದಿನ ಸಲ ರಜೆಗೆ ಬಂದಾಗ ಜಗಳೂರು ಕಡೆಯ ಹಳ್ಳಿಯೊಂದಕ್ಕೆ ನಾನೇ ಹೋದೆ. ಕುರಿಯ ಉಣ್ಣೆ ಕತ್ತರಿಸಿ, ಹಿಂಜಿ, ನೂತು, ಹುಣಸೆಬೀಜದ ಗಂಜಿ ಹಚ್ಚಿ, ಗುಂಡಿಮಗ್ಗದಲ್ಲಿ ನೇಯುವ ಕೆಲಸ. ಅಜ್ಜ 2,500 ಅಂದ್ರು. ನಾನು 1,800ಕ್ಕೆ ಇಳಿಸಿದೆ. ಮಾಲ್‌ನಲ್ಲಿ ಜಾಕೆಟ್ಟಿಗೆ 4,000 ಕೊಡುವಾಗ ತುಟಿ ಬಿಚ್ಚಿರಲಿಲ್ಲ.

1985ರ ಕೈಮಗ್ಗ ಮೀಸಲು ಕಾಯ್ದೆಯಡಿಯ ಪಟ್ಟಿಯಲ್ಲಿ ಕಂಬಳಿಯೂ ಇದೆ. ಕಾಯ್ದೆ ಯಂತ್ರಮಗ್ಗವನ್ನು ತಡೆಯಬಹುದು, ನನ್ನ ಚೌಕಾಸಿಯನ್ನಲ್ಲ.

ಅಪ್ಪ ಮಾಡಿದ್ದು ತಪ್ಪಾ? ಅಲ್ಲ. ಚಳಿಯಲ್ಲಿ ಗದ್ದೆಗೆ ನೀರು ಕಟ್ಟೋರಿಗೆ ಕೈಗೆಟುಕಿದ್ದೇ ಕಂಬಳಿ. ಪರಂಪರೆ ಉಳೀಬೇಕು ಅನ್ನೋ ನಾಲಿಗೆಗೆ ಅದರ ಪೂರ್ತಿ ಬೆಲೆ ಕೊಡೋ ಕೈಯೂ ಇರಬೇಕು. ಆ 700 ರೂಪಾಯಿ ನಾನು ಉಳಿಸಿದ್ದಲ್ಲ, ಅಜ್ಜನ ಕೂಲಿಯಲ್ಲಿ ಕಿತ್ತುಕೊಂಡಿದ್ದು.

ಈ ಸಲ ಅಪ್ಪನಿಗೂ ಒಂದು ತರ್ತೀನಿ. ರೇಟು ಅಜ್ಜ ಹೇಳಿದ್ದೇ.