ಯಾರು ಹೊಂದಿಕೊಳ್ಳಬೇಕು?

ಊರು ಬಿಟ್ಟು ಹೊರಟವರಿಗೆ ಹಿರಿಯರು ಹೇಳಿಕೊಡುವ ಮೊದಲ ಪಾಠವೆಂದರೆ ‘ಹೊಂದಿಕೊಂಡು ಹೋಗಬೇಕು’ ಎಂಬುದು. ನಾಸಿಕಕ್ಕೆ ಬಂದ ನಾವೆಲ್ಲ ಈ ಪಾಠವನ್ನು ಚೆನ್ನಾಗಿಯೇ ಕಲಿತಿದ್ದೇವೆ. ಮರಾಠಿ ಕಲಿತೆವು, ಬೇಳೆಗೆ ಬೆಲ್ಲ ಬಿದ್ದರೂ ಉಂಡೆವು, ಬಾಡಿಗೆ ಮನೆಯ ಕಟ್ಟಳೆಗಳಿಗೆ ತಲೆಬಾಗಿದೆವು. ಪರಸ್ಥಳದಲ್ಲಿ ಬಾಳುವವರಿಗೆ ಇದು ಬೇಕಾದ ಗುಣವೇ. ಆದರೆ ಎಲ್ಲರಿಂದಲೂ, ಎಲ್ಲ ವಿಷಯದಲ್ಲೂ ಇದನ್ನು ನಿರೀಕ್ಷಿಸುವುದು ಧರ್ಮವೇ? ನಮ್ಮ ಮನೆಯಲ್ಲಿ ಈ ಪ್ರಶ್ನೆ ಊಟದ ತಟ್ಟೆಯಿಂದ ಎದ್ದಿತು.

ನಮ್ಮ ಮಗಳು ಚಿಕ್ಕಂದಿನಿಂದಲೂ ಚಪಾತಿ ತಿಂದರೆ ಹೊಟ್ಟೆನೋವು ಎನ್ನುತ್ತಿದ್ದಳು. ನಾವು ಹಟವೆಂದುಕೊಂಡೆವು. ಬಂಧುಗಳ ಮನೆಯಲ್ಲಿ ಅವಳು ತಟ್ಟೆ ಸರಿಸಿದರೆ, “ಅವರು ಏನಂದುಕೊಂಡಾರು? ಸ್ವಲ್ಪ ಅಡ್ಜಸ್ಟ್ ಮಾಡ್ಕೊ” ಎಂದು ಗದರಿ ತಿನ್ನಿಸಿದ್ದೂ ಉಂಟು. ಮೈ ಹತ್ತಲಿಲ್ಲ, ರಕ್ತ ಕಡಿಮೆಯಾಯಿತು. ಕಡೆಗೆ ಪರೀಕ್ಷೆಗಳಾದ ಮೇಲೆ ವೈದ್ಯರು ಸೀಲಿಯಾಕ್ ರೋಗವೆಂದರು. ನಾವು ಮರ್ಯಾದೆ ಎಂದು ಉಣಿಸಿದ್ದು ಅವಳಿಗೆ ಕಾಯಿಲೆಯನ್ನು ಉಣಿಸಿದಂತಾಗಿತ್ತು.

ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಗ್ಲೂಟನ್ ಎಂಬ ಸಸಾರಜನಕವಿದೆ. ಚಪಾತಿ ಹಿಟ್ಟು ಎಳೆದಂತೆ ಹಿಗ್ಗುವುದು ಅದರಿಂದಲೇ. ಈ ರೋಗವುಳ್ಳವರು ಅದನ್ನು ತಿಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಉಂಡದ್ದು ಮೈಗೆ ಸೇರುವುದಿಲ್ಲ. ಹಾಲೆಂಡಿನ ಮಕ್ಕಳ ವೈದ್ಯ ಡಿಕ್ ಎಂಬವರು ಗೋಧಿಗೂ ಈ ರೋಗಕ್ಕೂ ಇರುವ ನಂಟನ್ನು ತೋರಿಸಿಕೊಟ್ಟು 1950ರಲ್ಲಿ ಪ್ರಬಂಧ ಬರೆದರು. ಜೀವನಪರ್ಯಂತ ಪಥ್ಯವೇ ಇಂದಿಗೂ ಇದಕ್ಕೆ ಮದ್ದು. ‘ಗ್ಲೂಟನ್‌ರಹಿತ’ ಎಂದು ಮಾರುವ ಆಹಾರದಲ್ಲಿ ಕಿಲೋ ಒಂದಕ್ಕೆ 20 ಮಿಲಿಗ್ರಾಂ ಮೀರಬಾರದೆಂಬುದು ನಮ್ಮ ದೇಶದ ನಿಯಮ. ಅಂದ ಮೇಲೆ ‘ಒಂದು ತುತ್ತಿಗೆ ಏನಾದೀತು’ ಎನ್ನುವ ಮಾತಿಗೆ ಇಲ್ಲಿ ಜಾಗವಿಲ್ಲ.

ಜೋಳ, ಸಜ್ಜೆ, ರಾಗಿ, ಅಕ್ಕಿಗಳಲ್ಲಿ ಗ್ಲೂಟನ್ ಇಲ್ಲ. ನಮ್ಮ ಅಜ್ಜಿಯರು ಜೋಳದ ಹಿಟ್ಟಿಗೆ ಕುದಿನೀರು ಹಾಕಿ ನಾದುತ್ತಿದ್ದುದು ಇದಕ್ಕೇ. ಅಂಟು ಹುಟ್ಟಬೇಕಾದರೆ ಹಿಟ್ಟು ಬೇಯಬೇಕು. ವಿಜ್ಞಾನ ಓದಿದ ನಮಗಿಂತ ಮೊದಲೇ ಅವರ ಕೈಗೆ ಅದು ಗೊತ್ತಿತ್ತು. ಹಾಗೆಂದು ಹೋಟೆಲಿನಲ್ಲಿ ರೊಟ್ಟಿ ತರಿಸಿ ನಿಶ್ಚಿಂತರಾಗಿ ಕೂರುವಂತಿಲ್ಲ. ಅಂಗಡಿಯ ಇಂಗಿನಲ್ಲಿ ಮೈದಾ ಬೆರೆತಿರುವುದುಂಟು. ರವೆ ದೋಸೆ ಹುಯ್ದ ಕಾವಲಿಯ ಮೇಲೆಯೇ ಸಾದಾ ದೋಸೆ ಬರುತ್ತದೆ. ಒಮ್ಮೆ ಒಂದು ಕಡೆ, “ಏನೂ ಇಲ್ಲ, ತಿನ್ನಿ” ಎಂದು ನಗುನಗುತ್ತ ಬಡಿಸಿದರು. ನಂಬಿ ಉಂಡ ಮಗಳು ಎರಡು ದಿನ ಮಲಗಿದಳು. ಬಡಿಸಿದವರಲ್ಲಿ ಕೆಟ್ಟ ಮನಸ್ಸಿರಲಿಲ್ಲ. ‘ಗೊತ್ತಿಲ್ಲ’ ಎನ್ನಲು ಸಂಕೋಚವಿತ್ತು, ಅಷ್ಟೆ. ಅಂದಿನಿಂದ ಅವಳು ಹೊರಗೆ ಉಣ್ಣುವುದನ್ನೇ ಬಿಟ್ಟಳು.

ಹೀಗಿರುವಾಗ ಅಂಬಡದ ಕಾರ್ಖಾನೆಗಳ ಕಡೆಯ ಒಂದು ಚಿಕ್ಕ ಖಾನಾವಳಿಗೆ ಹೋದೆವು. ಒಲೆಯ ಮುಂದಿದ್ದ ಮಾವಶಿಯನ್ನು ಅಳುಕುತ್ತಲೇ ಕೇಳಿದೆವು. ಆಕೆ ತಟ್ಟುವ ಕೈ ನಿಲ್ಲಿಸಿ, “ಭಾಕರಿ ಜೋಳದ್ದೇ ದಾದಾ. ಆದರೆ ಗಿರಣಿಯಲ್ಲಿ ಗೋಧಿಯನ್ನೂ ಬೀಸುತ್ತಾರೆ. ಇದೇ ಪರಾತದಲ್ಲಿ ಚಪಾತಿ ಹಿಟ್ಟೂ ಕಲಸುತ್ತೇನೆ. ಮಗುವಿಗೆ ಬೇಡ” ಎಂದರು. ಮಗಳು ಅಂದು ಉಣ್ಣಲಿಲ್ಲ. ಆದರೂ ಹೊರಬರುತ್ತ, “ಅಪ್ಪಾ, ಇಲ್ಲಿಗೇ ಮತ್ತೆ ಬರೋಣ” ಎಂದಳು.

ಮುಂದಿನ ಭಾನುವಾರ ಮನೆಯಲ್ಲೇ ಬೀಸಿದ ಜೋಳದ ಹಿಟ್ಟು, ನಮ್ಮದೇ ತವಾ ಮತ್ತು ಪರಾತ ಒಯ್ದೆವು. ಮಾವಶಿ ಕೈ ತೊಳೆದು, ಒಲೆಯ ಸುತ್ತ ಒರೆಸಿ, ನಮ್ಮ ಹಿಟ್ಟಿನಿಂದಲೇ ಭಾಕರಿ ತಟ್ಟಿದರು. ಮನೆಯಿಂದ ತಂದ ಶೇಂಗಾ ಚಟ್ನಿ, ಮೇಲಿಷ್ಟು ತುಪ್ಪ. ಸುತ್ತಲಿನ ಗದ್ದಲದ ನಡುವೆ ಕೂತು, ಏನನ್ನೂ ಶಂಕಿಸದೆ, ಅವಳು ಬೆರಳು ನೆಕ್ಕಿಕೊಂಡು ಉಂಡಳು. ಹಣ ಕೊಡಹೋದರೆ ಮಾವಶಿ, “ಹಿಟ್ಟು ನಿಮ್ಮದೇ ಅಲ್ಲವೇ” ಎಂದರು. ಬಲವಂತ ಮಾಡಿ ಕೊಟ್ಟೆವು.

ಪ್ರೀತಿಯಿಂದ ಬಡಿಸಿದ್ದು ಒಳ್ಳೆಯದೇ ಮಾಡುತ್ತದೆಂದು ನಾವು ನಂಬಿದ್ದೆವು. ಈಗ ಅನ್ನಿಸುತ್ತದೆ: ಪ್ರೀತಿಗೆ ತಿಳಿವಳಿಕೆಯೂ ಸತ್ಯವೂ ಕೂಡಿದಾಗಲೇ ಅದು ಉಪಚಾರ. ಹೊಂದಾಣಿಕೆ ನಾಲಿಗೆಯ ರುಚಿಗೆ, ನಮ್ಮ ಅನುಕೂಲಕ್ಕೆ, ನಮ್ಮ ಅಹಂಕಾರಕ್ಕೆ ಇರಲಿ. ಇನ್ನೊಬ್ಬರ ದೇಹ ಒಲ್ಲೆನೆಂದಾಗ ಹೊಂದಿಕೊಳ್ಳಬೇಕಾದವರು ನಾವು, ಅವರಲ್ಲ.

ನಮ್ಮ ಸಂಘದ ಯುಗಾದಿ, ರಾಜ್ಯೋತ್ಸವದ ಊಟಗಳಲ್ಲೂ ಹೀಗೆ ತಟ್ಟೆ ಸರಿಸಿ ಕೂರುವವರು ಇರಬಹುದು. ಬಡಿಸುವಾಗ ಒತ್ತಾಯಿಸುವ ಮೊದಲು ಒಮ್ಮೆ ಕೇಳೋಣ. ಉತ್ತರ ತಿಳಿಯದಿದ್ದರೆ ‘ತಿಳಿಯದು’ ಎನ್ನೋಣ. ಅದರಿಂದ ನಮ್ಮ ಆತಿಥ್ಯಕ್ಕೆ ಕುಂದು ಬಾರದು.